ಕ್ವಾರಿ ಬೀದಿಯ ನೂರ ನಲವತ್ತು ಬಾಗಿಲು

ಮಾರ್ಚ್ 4, ಮಂಗಳವಾರ

ಕಾಗದ ಬಂತು. ಡೆಲ್ಫಿನಾ ಅರುಡಾ ಎಂದು ಹೆಸರನ್ನು ಸರಿಯಾಗಿಯೇ ಬರೆದಿದ್ದಾರೆ. ನಾಲ್ಕು ವರ್ಷ ಸಂಬಳದ ಚೀಟಿಯಲ್ಲಿ ಅಕ್ಷರ ತಪ್ಪು ಮಾಡುತ್ತಿದ್ದವರಿಗೆ, ತೆಗೆದುಹಾಕುವಾಗ ಮಾತ್ರ ಸರಿಯಾಗಿ ಬರೆಯಲು ಬಂತು.

ಆಶ್ವೆಲ್ ನಗರಸಭೆಯ ಬಜೆಟ್ಟಿನಲ್ಲಿ ಕೊರತೆಯಂತೆ. ಬೆಟ್ಟದ ಮೇಲಿನ ನಾಲ್ಕನೇ ಅಗ್ನಿಶಾಮಕ ಠಾಣೆಯನ್ನು ಮುಚ್ಚುತ್ತಾರೆ, ಕೊನೆಯಲ್ಲಿ ಸೇರಿದ ಆರು ಜನರನ್ನು ಮನೆಗೆ ಕಳಿಸುತ್ತಾರೆ. ಆರರಲ್ಲಿ ನಾನೊಬ್ಬಳು.

ಅಮ್ಮ ಆಸ್ಪತ್ರೆಯ ಲಾಂಡ್ರಿಯಿಂದ ಬಂದವಳು ಕಾಗದವನ್ನು ಎರಡು ಸಲ ಓದಿದಳು.

"ಯಾರ ಹತ್ರಾದ್ರೂ ಮಾತಾಡಿದ್ಯಾ?"

"ಇಲ್ಲ."

"ನಾನೂ ನೋಡು, ಗೊತ್ತಿದ್ದೂ ಗೊತ್ತಿದ್ದೂ ಕೇಳ್ತೀನಿ." ಒಳಗೆ ಹೋಗಿ ಈ ನೋಟ್‌ಬುಕ್ ತಂದು ಮುಂದಿಟ್ಟಳು. "ಬಾಯಲ್ಲಂತೂ ಬರಲ್ಲ. ಕೈಯಲ್ಲಾದ್ರೂ ಬರ್ಲಿ."

ಬರೆದೆ. ಇಷ್ಟೇ.

ಮಾರ್ಚ್ 7, ಶುಕ್ರವಾರ

ಕೊನೆಯ ಪಾಳಿ. ಕೋಟು, ಬೂಟು, ಹೆಲ್ಮೆಟ್ ಒಪ್ಪಿಸಿ ಸಹಿ ಹಾಕಿದೆ. ಬೆಂಕಿಯ ಮುಂದೆ ಗುಡುಗುವ ಕ್ಯಾಪ್ಟನ್ ಥೀಬೋ ಇವತ್ತು ನೆಗಡಿಯ ನೆಪ ಮಾಡಿಕೊಂಡು ಮೂರು ಸಲ ಬಚ್ಚಲಿಗೆ ಹೋಗಿಬಂದರು. ಎಲ್ಲರೂ ಒಂದೊಂದು ಮಾತು ಹೇಳಿದರು. ನನ್ನ ಸರದಿ ಬಂದಾಗ ಥ್ಯಾಂಕ್ಸ್ ಎಂದೆ. ಅಷ್ಟೇ.

ಮಾರ್ಚ್ 19

ಮಲಗಿದ್ದೆ.

ಮಾರ್ಚ್ 20

ಇವತ್ತೂ.

ಮಾರ್ಚ್ 29, ಶನಿವಾರ

ಚರ್ಚಿನ ಪಕ್ಕದ ಕ್ಲಬ್ಬಿನಲ್ಲಿ ಅಗ್ನಿಶಾಮಕ ನೌಕರರ ಸಂಘದ ಸಭೆ. ನಮ್ಮ ಅಜ್ಜಂದಿರು ಅಝೋರ್ಸ್ ದ್ವೀಪಗಳಿಂದ ಬಟ್ಟೆ ಗಿರಣಿಗೆ ಬಂದ ಕಾಲದಲ್ಲಿ ಕಟ್ಟಿಸಿದ್ದು. ಕುರ್ಚಿಗಳೂ ಆಗಿನವೇ ಇರಬೇಕು.

ವಿಷಯ ಇಷ್ಟು: ನಗರಸಭೆ ಜೂನ್ ಹತ್ತಕ್ಕೆ ಊರಿನವರ ಮತ ಕೇಳಲು ಒಪ್ಪಿದೆ. ಮನೆ ತೆರಿಗೆ ಸ್ವಲ್ಪ ಹೆಚ್ಚಲಿ ಎಂದು ಹೆಚ್ಚು ಜನ 'ಹೌದು' ಎಂದರೆ ಠಾಣೆ ತೆರೆಯುತ್ತದೆ, ನಾವು ಆರು ಜನ ವಾಪಸ್. 'ಇಲ್ಲ' ಎಂದರೆ ಠಾಣೆಯ ಕಟ್ಟಡವನ್ನು ಮಾರುತ್ತಾರೆ. ಹಾಗಾಗಿ ಮನೆ ಮನೆಗೆ ಹೋಗಿ, ಬಾಗಿಲು ತಟ್ಟಿ, ನಿಮ್ಮ ತೆರಿಗೆ ಹೆಚ್ಚಿಸಿಕೊಳ್ಳಿ ಎಂದು ಜನರನ್ನು ಕೇಳಬೇಕು!

ನನಗೆ ಕ್ವಾರಿ ಬೀದಿ. ಮೂರು ಮಹಡಿಯ ಮರದ ಮನೆಗಳು, ಹೆಚ್ಚಿನವುಗಳಲ್ಲಿ ಮೂರು ಮೂರು ಸಂಸಾರ. ಒಟ್ಟು ನೂರ ನಲವತ್ತು ಬಾಗಿಲು.

ಸಭೆ ಮುಗಿದ ಮೇಲೆ ಥೀಬೋ ಅವರ ಬಳಿ ಹೋಗಿ, "ಕ್ಯಾಪ್ಟನ್, ನಾನು ಲಕೋಟೆ ಅಂಟಿಸ್ತೀನಿ. ಎಷ್ಟಿದ್ರೂ ಅಂಟಿಸ್ತೀನಿ," ಎಂದೆ.

"ಉರಿಯೋ ಮನೆ ಒಳಗೆ ನುಗ್ತೀಯ. ಉರೀದೇ ಇರೋ ಮನೆ ಬಾಗಿಲು ತಟ್ಟೋಕೆ ಏನಮ್ಮಾ ಕಷ್ಟ?"

ಉರಿಯುವ ಮನೆಯಲ್ಲಿ ಯಾರೂ 'ಏನು ಬೇಕಿತ್ತು?' ಎಂದು ಕೇಳುವುದಿಲ್ಲವಲ್ಲ. ಇದನ್ನು ಅವರಿಗೆ ಹೇಳಲಿಲ್ಲ. ಈಗ ಹೊಳೆಯಿತು.

ಏಪ್ರಿಲ್ 5, ಶನಿವಾರ

ಮೊದಲ ಬಾಗಿಲ ಮುಂದೆ ನಾಲ್ಕು ನಿಮಿಷ ನಿಂತಿದ್ದೆ. ಕರಪತ್ರವನ್ನು ಕಾಲೊರೆಸುವ ಚಾಪೆಯ ಕೆಳಗೆ ತುರುಕಿ ಓಡಿದೆ. ಹೀಗೇ ಇಪ್ಪತ್ತೆರಡು ಬಾಗಿಲು 'ಮುಗಿಸಿದೆ'.

ಇಪ್ಪತ್ತಮೂರನೆಯದರಲ್ಲಿ ಸಿಕ್ಕಿಬಿದ್ದೆ. ಚಾಪೆ ಎತ್ತುವಾಗಲೇ ಬಾಗಿಲು ತೆರೆಯಿತು. ಬಗ್ಗಿದವಳಿಗೆ ಮೊದಲು ಎರಡು ಚಪ್ಪಲಿ ಕಂಡವು, ಆಮೇಲೆ ಮಿಸ್ಟರ್ ಬೆಟೆನ್‌ಕೋರ್ಟ್. ಮೂವತ್ತೊಂದು ವರ್ಷ ಈ ಊರಿನ ಶಾಲಾ ಬಸ್ಸು ಓಡಿಸಿದವರು. ನಾನೂ ಅವರ ಬಸ್ಸಿನಲ್ಲೇ ಶಾಲೆಗೆ ಹೋದವಳು.

"ಏನು, ಕೀಲಿ ಹುಡುಕ್ತಿದೀಯಾ?"

"ಇಲ್ಲ... ಕಾಗದ..."

"ಕಾಗದ ಕೊಡೋಕೆ ಕೈ ಇದೆ, ತಗೊಳ್ಳೋಕೆ ನನಗೂ ಕೈ ಇದೆ. ಮಧ್ಯೆ ಚಾಪೆ ಯಾಕೆ?" ಮುಖವನ್ನು ದಿಟ್ಟಿಸಿ ನೋಡಿದರು. "ಓ! ನೀನು ಇಡಲೀನಾ ಮಗಳು. ಮೂರನೇ ಸೀಟು, ಕಿಟಕಿ ಪಕ್ಕ. ಎಂಟು ವರ್ಷ ನನ್ನ ಬಸ್ಸಲ್ಲಿ ಬಂದೆ, ಒಂದು ದಿನ ಗುಡ್ ಮಾರ್ನಿಂಗ್ ಅಂದೋಳಲ್ಲ. ಓದು ಇದನ್ನ. ನನ್ನ ಕನ್ನಡಕ ಒಳಗಿದೆ."

ಅವರ ಜಗಲಿಯ ಮೇಲೆ ನಿಂತು ಕರಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ. ಕೊನೆಗೆ ಅವರು ಕೈಚಾಚಿ ಅಂಗಳದ ಕಡೆ ತೋರಿಸಿದರು. ಆಳೆತ್ತರದ ಬೋರ್ಡು: 'ಜೂನ್ ಹತ್ತು — ಇಲ್ಲ ಎನ್ನಿ'. ಬರುವಾಗ ಅದನ್ನು ನೋಡಿಯೇ ಇರಲಿಲ್ಲ. ಅಷ್ಟು ದೊಡ್ಡ ಬೋರ್ಡು!

"ಚೆನ್ನಾಗಿ ಓದ್ದೆ," ಎಂದರು. "ಮುಂದಿನ ವಾರ ಬಾ. ಇನ್ನೂ ಜೋರಾಗಿ ಓದು."

ಕನ್ನಡಕ ಅವರ ಜೇಬಿನಲ್ಲೇ ಇತ್ತು.

ಏಪ್ರಿಲ್ 13, ಭಾನುವಾರ

ನಲವತ್ತೊಂದು ಬಾಗಿಲು ಆಯಿತು. ಈ ಸಲ ನಿಜವಾಗಿ ತಟ್ಟಿದ್ದು. ಹದಿನೇಳು ತೆರೆದವು.

ಒಂದರಲ್ಲಿ ಕಾಂಬೋಡಿಯಾದ ಒಬ್ಬ ಅಜ್ಜಿ. ನನ್ನ ಮಾತು ಆಕೆಗೆ ತಿಳಿಯದು, ಆಕೆಯದು ನನಗೆ. ಅದಕ್ಕೇ ಇರಬೇಕು, ನನಗೆ ಭಯವೇ ಆಗಲಿಲ್ಲ. ನಾನು ಸೈರನ್ ಕೂಗಿದೆ, ಪೈಪು ಹಿಡಿದೆ, ಇಲ್ಲದ ಏಣಿ ಹತ್ತಿದೆ. ಆಕೆಗೆ ನಗು ತಡೆಯಲಾಗದೆ ಒಳಗಿನಿಂದ ಸೊಸೆಯನ್ನು ಕರೆದಳು. ಸೊಸೆಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಆದರೂ ಅವಳು, "ಅತ್ತೆ ಇನ್ನೊಂದು ಸಲ ಮಾಡಿ ತೋರಿಸಿ ಅಂತಿದಾರೆ," ಎಂದಳು. ಮಾಡಿದೆ. ಏಣಿ ಇಳಿಯುವುದನ್ನೂ ಸೇರಿಸಿದೆ.

ಏಪ್ರಿಲ್ 20, ಈಸ್ಟರ್

ಅಮ್ಮ ಬೆಳಗ್ಗೆ ಸಿಹಿ ಬ್ರೆಡ್ಡು ಬೇಯಿಸಿದಳು, ನಡುವೆ ಇಡೀ ಮೊಟ್ಟೆ ಇಟ್ಟು. ಒಂದನ್ನು ಬಟ್ಟೆಯಲ್ಲಿ ಸುತ್ತಿ, "ಆ ಮುದುಕನಿಗೆ ಕೊಟ್ಟು ಬಾ. ಹೆಂಡ್ತಿ ಹೋದ್ಮೇಲೆ ಯಾರು ಮಾಡಿಕೊಡ್ತಾರೆ," ಎಂದಳು.

"ಅವರು 'ಇಲ್ಲ' ಕಡೆಯವರಮ್ಮ."

"ಹೊಟ್ಟೆಗೆ ಹೌದು ಇಲ್ಲ ಇರುತ್ತಾ? ಹೋಗು."

ಹೋದೆ. ಬೆಟೆನ್‌ಕೋರ್ಟ್ ಬ್ರೆಡ್ಡನ್ನು ಮೂಸಿ ನೋಡಿ, "ಇದು ಲಂಚಾನಾ?" ಎಂದರು.

"ಹೌದು."

"ಹಾಗಾದ್ರೆ ಬೆಣ್ಣೆನೂ ತರಬೇಕಿತ್ತು."

ಅಲ್ಲೇ ನಿಂತು ನಗುತ್ತಿದ್ದೆ. ಬೇಗ ವಾಪಸ್ ಬರಬೇಕೆಂದು ಹೋದವಳು ಅಲ್ಲೇ ಉಳಿದುಬಿಟ್ಟೆ; ಅಮ್ಮ ಫೋನ್ ಮಾಡುವಷ್ಟರಲ್ಲಿ ಊಟ ತಣ್ಣಗಾಗಿತ್ತಂತೆ.

ಮೇ 3, ಶನಿವಾರ

ಇವತ್ತು ಜಗಳ.

ಬೆಟೆನ್‌ಕೋರ್ಟ್ ಜಗಲಿಯಲ್ಲಿ ಕೂತು ಟೊಮೇಟೊ ಸಸಿಗಳನ್ನು ಡಬ್ಬದಿಂದ ಬಿಡಿಸುತ್ತಿದ್ದರು. ನಾನು ಎಂದಿನಂತೆ ಶುರು ಮಾಡಿದೆ: ಕೆಳಗಿನ ಠಾಣೆಯಿಂದ ಬೆಟ್ಟಕ್ಕೆ ಎಂಜಿನ್ ಬರಲು ಒಂಬತ್ತು ನಿಮಿಷ, ಮರದ ಮನೆಗೆ ಒಂಬತ್ತು ನಿಮಿಷ ಎಂದರೆ ಏನರ್ಥ, ಇತ್ಯಾದಿ. ಅವರು ಕೈ ಎತ್ತಿ ನಿಲ್ಲಿಸಿದರು.

"ಅದೆಲ್ಲ ನನಗೆ ಗೊತ್ತು ಮಗಳೇ. ಬೆಂಕಿ ಬೇಗ ಹತ್ತುತ್ತೆ ಅಂತ ನೀನು ಹೇಳಿಕೊಡಬೇಕಾ? ನನ್ನ ಒಂದು ಪ್ರಶ್ನೆಗೆ ಉತ್ತರ ಹೇಳು. ಹನ್ನೆರಡು ವರ್ಷದ ಹಿಂದೆ ಇದೇ ನಗರಸಭೆ, ಇದೇ ಕೊರತೆ. ಹನ್ನೊಂದು ಜನ ಬಸ್ ಡ್ರೈವರ್‌ಗಳನ್ನ ಒಂದೇ ದಿನ ತೆಗೆದು ಗುತ್ತಿಗೆಗೆ ಕೊಟ್ರು. ನಾವು ನಗರಸಭೆ ಮೆಟ್ಟಿಲ ಮೇಲೆ ನಾಲ್ಕು ದಿನ ನಿಂತಿದ್ವಿ. ಆವಾಗ ನಿಮ್ಮ ಫೈರ್‌ನೋರು ಎಲ್ಲಿದ್ರಿ? ಒಬ್ಬ ಬಂದನಾ? ನಮಗೋಸ್ಕರ ಯಾರಾದ್ರೂ ಯಾರ ಬಾಗಿಲಾದ್ರೂ ತಟ್ಟಿದ್ರಾ?"

ನಾನಾಗ ಶಾಲೆಯಲ್ಲಿದ್ದೆ. ಒಂದು ಸೋಮವಾರ ಬಸ್ಸಿನಲ್ಲಿ ಬೇರೆ ಡ್ರೈವರ್ ಇದ್ದದ್ದು ನೆನಪಿದೆ. ಯಾರನ್ನೂ ಏನೂ ಕೇಳಿರಲಿಲ್ಲ.

"ಗೊತ್ತಿಲ್ಲ," ಎಂದೆ.

"ಗೊತ್ತು ಮಾಡ್ಕೊಂಡು ಬಾ," ಎಂದು ಸಸಿಗಳ ಕಡೆ ತಿರುಗಿದರು. ಇವತ್ತು ಅವರು ನಗಲಿಲ್ಲ. ಉಳಿದ ಬಾಗಿಲುಗಳಿಗೆ ಹೋಗುವ ಮನಸ್ಸೇ ಆಗಲಿಲ್ಲ.

ಮೇ 6, ಮಂಗಳವಾರ

ಥೀಬೋ ಅವರನ್ನು ಕೇಳಿದೆ. ಬಹಳ ಹೊತ್ತು ಕತ್ತು ಕೆರೆದುಕೊಂಡರು.

"ಯಾರೂ ಹೋಗಲಿಲ್ಲ," ಎಂದರು.

"ಯಾಕೆ ಕ್ಯಾಪ್ಟನ್?"

"ನಮ್ಮ ಕೆಲಸ ಹೋಗಿಲ್ವಲ್ಲ, ಅದಕ್ಕೆ."

ಮೇ 10, ಶನಿವಾರ

ಬೆಳಗ್ಗೆ ಏಳೂವರೆಗೇ ಹೋದೆ. ಕರಪತ್ರ ಒಯ್ಯಲಿಲ್ಲ.

"ಮಿಸ್ಟರ್ ಬೆಟೆನ್‌ಕೋರ್ಟ್, ಕೇಳಿದೆ. ಯಾರೂ ಬಂದಿರಲಿಲ್ಲ. ಕಾರಣವೂ ಏನೂ ಇರಲಿಲ್ಲ, ಅವರ ಕೆಲಸ ಉಳಿದಿತ್ತು, ಅಷ್ಟೆ. ನಾನೂ ನೀವೆಲ್ಲಿ ಹೋದ್ರಿ ಅಂತ ಯಾರನ್ನೂ ಕೇಳಲಿಲ್ಲ. ತಪ್ಪಾಯ್ತು."

ಅವರು ಒಳಗೆ ಹೋದರು. ಬಾಗಿಲು ಹಾಕಿಕೊಂಡರೇನೋ ಅಂದುಕೊಂಡೆ. ಒಂದು ತಟ್ಟೆ ಹಿಡಿದು ಬಂದರು: ಬೆಳ್ಳುಳ್ಳಿ, ಕೆಂಪು ಮೆಣಸು ಹಾಕಿ ಬೇಯಿಸಿದ ದಪ್ಪ ಅವರೆಕಾಳು. ಬೆಳಗ್ಗೆ ಏಳೂವರೆಗೆ!

"ಹನ್ನೆರಡು ವರ್ಷಕ್ಕೆ ಒಬ್ಬಳು ಬಂದಳು," ಎಂದರು. "ತಿನ್ನು. ಸಿಪ್ಪೆ ಸುಲಿದು ತಿನ್ನಬೇಕು, ಹಾಗೇ ನುಂಗಬೇಡ."

ತಿನ್ನುತ್ತಾ ಒಂದೂವರೆ ಗಂಟೆ ಕೂತಿದ್ದೆವು. ಆ ಹನ್ನೊಂದು ಡ್ರೈವರ್‌ಗಳಲ್ಲಿ ಯಾರು ಎಲ್ಲಿಗೆ ಹೋದರು, ಯಾರು ಬೇಕರಿ ಇಟ್ಟರು, ಯಾರು ಯಾರ ತಂಗಿಯನ್ನು ಮದುವೆಯಾದರು, ಎಲ್ಲ ಹೇಳಿದರು. ಬೇಕರಿ ಇಟ್ಟವನು ಮೊದಲ ದಿನವೇ ಉಪ್ಪನ್ನೂ ಸಕ್ಕರೆಯನ್ನೂ ಅದಲುಬದಲು ಮಾಡಿದ್ದನ್ನು ಕೇಳಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ನಾನೂ ಠಾಣೆಯ ಕಥೆಗಳನ್ನು ಹೇಳಿದೆ. ಚರಂಡಿಯಲ್ಲಿ ಸಿಕ್ಕಿಕೊಂಡ ಬಾತುಕೋಳಿಯನ್ನು ತೆಗೆಯಲು ಹೋಗಿ ಥೀಬೋ ಸಿಕ್ಕಿಕೊಂಡದ್ದು ಮೊದಲಾಗಿ.

ಏಳುವಾಗ ಅವರೇ, "ನನ್ನ ಮತ ಮಾತ್ರ ಇಲ್ಲ ಅಂತಲೇ," ಎಂದರು. "ನನ್ನ ಪಿಂಚಣಿ ಏರಲ್ಲ, ತೆರಿಗೆ ಏರುತ್ತೆ. ಅದು ಬೇರೆ ಲೆಕ್ಕ."

"ಸರಿ. ಶನಿವಾರ ಬರ್ತೀನಿ."

"ಬಾ. ಸಸಿಗೆ ಕೋಲು ಕಟ್ಟಬೇಕು."

ಮೇ 24, ಶನಿವಾರ

ನೂರ ಮೂವತ್ತಾರು ಬಾಗಿಲು ಆಗಿವೆ. ಕೆಲವು ಎರಡೆರಡು ಸಲ. ಕೆಲವರು ರಸ್ತೆಯಲ್ಲೇ ಕೈಬೀಸಿ ಕರೆಯುತ್ತಾರೆ. ಕಾಂಬೋಡಿಯಾದ ಅಜ್ಜಿ ನನ್ನನ್ನು ಕಂಡರೆ ತಾನೇ ಸೈರನ್ ಕೂಗುತ್ತಾಳೆ. ಕ್ವಾರಿ ಬೀದಿಯ ಈ ತುದಿಯಿಂದ ಆ ತುದಿಗೆ ಮೊದಲು ಹತ್ತು ನಿಮಿಷ ಸಾಕಾಗುತ್ತಿತ್ತು. ಈಗ ಎರಡು ಗಂಟೆಯಾದರೂ ಬೇಕು. ಬೀದಿ ಉದ್ದವಾಗಿದೆಯೋ ಏನೋ!

ಸಂಜೆ ಅಮ್ಮ, "ಆ ವಿಮಾನ ನಿಲ್ದಾಣದ ಫೈರ್ ಕೆಲಸ ಏನಾಯ್ತೇ?" ಎಂದಳು.

ಮೂರು ಗಂಟೆ ದಾರಿಯ ಊರಲ್ಲಿ ಕೆಲಸ ಕೊಡುತ್ತೇವೆಂದು ಹೇಳಿದ್ದರು. ಶುಕ್ರವಾರದೊಳಗೆ ಫೋನ್ ಮಾಡಬೇಕಿತ್ತು. ಆರರಲ್ಲಿ ಒಬ್ಬನಾದ ಟ್ರೆಂಟ್ ಮೆಡೈರಸ್ ಮಾಡಿದ್ದಾನೆ, ಅವನಿಗೆ ಕೆಲಸವೂ ಆಗಿದೆ. ನಾನು ಶುಕ್ರವಾರ ಇಡೀ ದಿನ ಫೋನಿನಲ್ಲೇ ಇದ್ದೆ. ನೂರ ಹನ್ನೊಂದನೇ ಬಾಗಿಲಿನ ಫಿಲೊಮಿನಾ ಬಾಣಂತಿ, ಅವಳ ಮನೆಯ ಕಿಟಕಿ ಸಿಕ್ಕಿಕೊಂಡಿದ್ದಕ್ಕೆ ಬಡಗಿಯನ್ನು ಹುಡುಕುತ್ತಿದ್ದೆ. ನಾನು ಮಾಡಬೇಕಿದ್ದ ಫೋನ್ ಮರೆತೇ ಹೋಯಿತು.

"ಮರೆತ್ಯಾ?" ಅಮ್ಮ ನನ್ನನ್ನು ವಿಚಿತ್ರವಾಗಿ ನೋಡಿದಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. "ಕಿಟಕಿ ಸರಿಹೋಯ್ತಾ?" ಎಂದಳು.

ಸರಿಹೋಯಿತು.

ಜೂನ್ 4, ಬುಧವಾರ

ಹೈಸ್ಕೂಲಿನ ಸಭಾಂಗಣದಲ್ಲಿ ಚರ್ಚೆ. 'ಇಲ್ಲ' ಕಡೆಯಿಂದ ಬೆಟೆನ್‌ಕೋರ್ಟ್, 'ಹೌದು' ಕಡೆಯಿಂದ ಥೀಬೋ ಎಂದು ನಿಗದಿಯಾಗಿತ್ತು. ಥೀಬೋ ನಿನ್ನೆ ಮೊಮ್ಮಗಳ ಸಾಫ್ಟ್‌ಬಾಲ್ ಪಂದ್ಯದಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿಕೊಂಡಿದ್ದರು. ಇವತ್ತು ಬಾಯಿ ತೆರೆದರೆ ಗಾಳಿ ಮಾತ್ರ. ತಮ್ಮ ಭಾಷಣದ ಹಾಳೆಯನ್ನು ನನ್ನ ಕೈಗಿಟ್ಟು ತಳ್ಳಿದರು.

ಹಾಳೆಯಲ್ಲಿ ಅಂಕಿಸಂಖ್ಯೆ ತುಂಬಿತ್ತು. ಅವರ ಅಕ್ಷರ ದೇವರಿಗೇ ಪ್ರೀತಿ. ಮಡಚಿಟ್ಟು ನನಗೆ ಗೊತ್ತಿದ್ದದ್ದನ್ನು ಹೇಳಿದೆ. ಆ ಬೀದಿಯ ಯಾವ ಮನೆಗೆ ಹಿಂದಿನ ಬಾಗಿಲಿಲ್ಲ, ಯಾವ ಮೂರನೇ ಮಹಡಿಯಲ್ಲಿ ಮೆಟ್ಟಿಲಿಳಿಯಲಾಗದವರು ಇದ್ದಾರೆ. ಬಸ್ ಡ್ರೈವರ್‌ಗಳ ವಿಷಯವನ್ನೂ ಹೇಳಿದೆ, ನಮ್ಮವರು ಯಾರೂ ಹೋಗಲಿಲ್ಲ ಎಂಬುದನ್ನು. ಥೀಬೋ ತಲೆ ತಗ್ಗಿಸಿ ಕೂತಿದ್ದರು. ಆಮೇಲೆ ಎದ್ದು, ದನಿಯಿಲ್ಲದೆ, ಬೆಟೆನ್‌ಕೋರ್ಟ್ ಅವರ ಕೈ ಕುಲುಕಿದರು.

ಮೂರು ನಿಮಿಷ ಕೊಟ್ಟಿದ್ದರು. ನಾನು ಹನ್ನೊಂದು ನಿಮಿಷ ಮಾತಾಡಿದೆನಂತೆ. ಯಾರು ಗಡಿಯಾರ ನೋಡಿದರೋ. ಮೈಕು ನನ್ನ ಎತ್ತರಕ್ಕೆ ಇರಲಿಲ್ಲ, ಕತ್ತು ನೋವು. ಕಾಫಿ ಚೆನ್ನಾಗಿತ್ತು.

ಜೂನ್ 10, ಮಂಗಳವಾರ

ಮತದಾನ. ಬೆಳಗ್ಗೆ ಎಂಟಕ್ಕೆ ಬೆಟ್ಟದ ತುದಿಯ ವೃದ್ಧರ ವಸತಿಯಿಂದ ಫೋನ್. ಅಲ್ಲಿಯವರನ್ನು ಮತಗಟ್ಟೆಗೆ ಒಯ್ಯುವ ವ್ಯಾನಿನ ಡ್ರೈವರ್‌ಗೆ ಜ್ವರ. ಮೂವತ್ತೆಂಟು ಜನ ಕೋಟು ಹಾಕಿಕೊಂಡು ಕೆಳಗೆ ಕೂತುಬಿಟ್ಟಿದ್ದಾರೆ. ಅಂಥ ದೊಡ್ಡ ವ್ಯಾನಿಗೆ ಬೇರೆಯೇ ಲೈಸೆನ್ಸ್ ಬೇಕು. ನಮ್ಮವರಲ್ಲಿ ಅದು ಇದ್ದವರೆಲ್ಲ ಪಾಳಿಯಲ್ಲಿದ್ದರು.

ಯೋಚಿಸಲೇ ಇಲ್ಲ. ನೇರ ಇಪ್ಪತ್ತಮೂರನೇ ಬಾಗಿಲು.

"ಮಿಸ್ಟರ್ ಬೆಟೆನ್‌ಕೋರ್ಟ್, ವ್ಯಾನ್ ಓಡಿಸಬೇಕು."

ವಿಷಯ ಕೇಳಿ ಅವರ ಹುಬ್ಬು ಮೇಲೇರಿತು. "ಏ ಹುಡುಗಿ, ನಿನಗೆ ನಾಚಿಕೆ ಅನ್ನೋದು ಇದೆಯಾ? ಆ ಮುದುಕಿಯರೆಲ್ಲ ನಿನ್ನ ಹಿಂದೆ. ಒಬ್ಬೊಬ್ಬಳೂ ಹೌದು ಅಂತ ಹಾಕೋಳು."

"ಹೌದು."

"ನನ್ನ ಅಂಗಳದ ಬೋರ್ಡು ನೋಡಿದೀಯ?"

"ದಿನಾ ನೋಡ್ತೀನಿ. ಇಲ್ಲ ಅಂತ ಹಾಕೋರು ಅಲ್ಲಿ ಇದ್ರೂ ನಾನು ಬಂದೇ ಕೇಳ್ತಿದ್ದೆ."

ಅವರು ನನ್ನನ್ನೇ ನೋಡುತ್ತಾ ನಿಂತರು. "ಕೇಳ್ತಿದ್ದೆ," ಎಂದು ತಮಗೇ ಹೇಳಿಕೊಂಡರು. ಆಮೇಲೆ ಒಳಗೆ ಹೋಗಿ ಟೋಪಿ ತಂದರು. "ನಡಿ. ಬಸ್ಸಿಗೆ ಕಾಯೋರನ್ನ ಬಿಟ್ಟು ಹೋದವನಲ್ಲ ನಾನು."

ನಾಲ್ಕು ಸುತ್ತು. ಒಬ್ಬೊಬ್ಬರನ್ನೂ ಕೈಹಿಡಿದು ಹತ್ತಿಸಿ, "ಬೆಲ್ಟ್ ಹಾಕ್ಕೊಳ್ಳಿ, ಹಿಂದೆ ಗಲಾಟೆ ಮಾಡಬೇಡಿ," ಎಂದು ಗದರುತ್ತಾ ಓಡಿಸಿದರು. ಎಂಬತ್ತೊಂಬತ್ತರ ಮಿಸೆಸ್ ಪಶೇಕೊ ಅವರಿಗೆ ಕಿಟಕಿ ಪಕ್ಕದ ಸೀಟೇ ಬೇಕೆಂದು ಹಠ. ಕೊನೆಯ ಸುತ್ತಿನಲ್ಲಿ ಇಡೀ ವ್ಯಾನು ಹಾಡುತ್ತಿತ್ತು. ಬೆಟೆನ್‌ಕೋರ್ಟ್ ಹಾಡಲಿಲ್ಲ, ಆದರೆ ಹಾರ್ನ್ ತಾಳಕ್ಕೆ ಸರಿಯಾಗಿ ಬೀಳುತ್ತಿತ್ತು.

ಎಲ್ಲರೂ ಇಳಿದ ಮೇಲೆ ತಾವೂ ಹೋಗಿ ಮತ ಹಾಕಿದರು. ಹೊರಗೆ ಬಂದು ನನಗೆ, "ಇಲ್ಲ ಅಂತಲೇ ಹಾಕಿದ್ದು," ಎಂದರು.

"ಗೊತ್ತು. ಥ್ಯಾಂಕ್ಸ್."

ರಾತ್ರಿ ಎಂಟೂವರೆಗೆ ಶಾಲೆಯ ಜಿಮ್ಮಿನಲ್ಲಿ ಫಲಿತಾಂಶ ಓದಿದರು. ಹೌದು, 4,117. ಇಲ್ಲ, 4,094.

ಇಪ್ಪತ್ತಮೂರು ಮತ!

ಥೀಬೋ ನನ್ನನ್ನು ಮೂಟೆಯಂತೆ ಎತ್ತಿ ಗಿರ್ರನೆ ತಿರುಗಿಸಿದರು. ಅಮ್ಮ ಅಳುತ್ತಾ ಯಾರು ಯಾರನ್ನೋ ತಬ್ಬಿಕೊಂಡಳು; ಆಮೇಲೆ ನೋಡಿದರೆ ಅವರಲ್ಲಿ ಮೂವರು 'ಇಲ್ಲ' ಕಡೆಯವರು. ಉಳಿದದ್ದನ್ನು ನಾಳೆ ಬರೆಯುತ್ತೇನೆ.

ಜೂನ್ 11, ಬುಧವಾರ

ಬೆಳಗ್ಗೆ ಬೆಟೆನ್‌ಕೋರ್ಟ್ ಮನೆಗೆ ಹೋದೆ. ಹೋಗದಿರಲು ಮನಸ್ಸಾಗಲಿಲ್ಲ, ಏನು ಹೇಳಬೇಕೆಂದೂ ತಿಳಿದಿರಲಿಲ್ಲ. ಅವರು ಬೋರ್ಡು ಕೀಳುತ್ತಿದ್ದರು. ಗೂಟ ಆಳಕ್ಕೆ ಹೋಗಿತ್ತು. ನಾನೂ ಒಂದು ಕೈ ಹಾಕಿದೆ.

"ಮೂವತ್ತೆಂಟು ಜನ," ಎಂದರು ಏದುಸಿರು ಬಿಡುತ್ತಾ. "ಇಪ್ಪತ್ತಮೂರು ಮತ. ಲೆಕ್ಕ ಹಾಕಿದ್ಯಾ?"

"ಹಾಕಿದೆ."

"ಈ ಊರಲ್ಲಿ ನಾನೊಬ್ಬನೇ ಇರಬೇಕು, ಸೋಲೋಕೆ ಇಷ್ಟು ದೂರ ಗಾಡಿ ಓಡಿಸಿದೋನು."

ಗಂಭೀರವಾಗಿಯೇ ಹೇಳಿದರು. ಆದರೆ ಗೂಟ ಕಿತ್ತುಬಂದು ಇಬ್ಬರೂ ಹುಲ್ಲಿನ ಮೇಲೆ ಕುಕ್ಕರುಬಡಿದಾಗ ಮೊದಲು ನಕ್ಕವರು ಅವರೇ. ಎದುರು ಮನೆಯವರು ಬಂದು ಎಬ್ಬಿಸುವವರೆಗೂ ನಗುತ್ತಿದ್ದೆವು.

ಜುಲೈ 1, ಮಂಗಳವಾರ

ನಾಲ್ಕನೇ ಠಾಣೆ ತೆರೆಯಿತು. ಆರರಲ್ಲಿ ಐವರು ವಾಪಸ್. ಟ್ರೆಂಟ್ ವಿಮಾನ ನಿಲ್ದಾಣದಿಂದಲೇ ಫೋನ್ ಮಾಡಿ, ಅಲ್ಲಿ ಉರಿಯುವಂಥದ್ದು ಏನೂ ಆಗುವುದಿಲ್ಲ, ಬೇಜಾರು ಎಂದ.

ಪಾಳಿಯಲ್ಲಿ ನಾವು ನಾಲ್ವರು. ಥೀಬೋ ಬೆಳಗ್ಗಿನಿಂದ ನೆಲ ಗುಡಿಸಿದ್ದೇ ಗುಡಿಸಿದ್ದು. ಮಧ್ಯಾಹ್ನಕ್ಕೆ ನನ್ನ ಅಡುಗೆ ಸರದಿ, ಕೇಲ್ ಸೊಪ್ಪು, ಆಲೂಗಡ್ಡೆ, ಸಾಸೇಜು ಹಾಕಿ ದೊಡ್ಡ ಪಾತ್ರೆಯಲ್ಲಿ ಸೂಪು ಇಟ್ಟೆ. ಹನ್ನೊಂದು ಗಂಟೆಗೆ ಬಾಗಿಲಲ್ಲಿ ಟೋಪಿ ಕಂಡಿತು.

"ನನ್ನ ದುಡ್ಡಲ್ಲಿ ಏನೇನು ಇಟ್ಟಿದೀರಿ ನೋಡೋಕೆ ಬಂದೆ," ಎಂದರು ಬೆಟೆನ್‌ಕೋರ್ಟ್. "ಎಲ್ಲ ತೋರಿಸು. ಬಿಡಬೇಡ."

ತೋರಿಸಿದೆ. ಎಂಜಿನ್ನಿನ ಒಂದೊಂದು ಖಾನೆ, ಪೈಪು, ಏಣಿ, ನೀರಿನ ಒತ್ತಡದ ಮುಳ್ಳು, ಯಾವ ಬೂಟು ಯಾರದು, ಯಾರ ಬೂಟಿನ ವಾಸನೆ ಹೇಗೆ. ಅವರು ಬ್ರೇಕು, ಗೇರು, ಟೈರಿನ ಬಗ್ಗೆ ಕೇಳಿದ್ದಕ್ಕೆಲ್ಲ ಹೇಳಿದೆ, ಕೇಳದ್ದಕ್ಕೂ ಹೇಳಿದೆ. ಪಕ್ಕದಲ್ಲಿ ಥೀಬೋ ಪೊರಕೆಗೆ ಗಲ್ಲ ಊರಿ ನಿಂತಿದ್ದರು.

"ಅರುಡಾ, ನಾಲ್ಕು ವರ್ಷ ನಿನ್ನ ಜೊತೆ ಕೆಲಸ ಮಾಡಿದೀನಿ. ಈ ಮಾತೆಲ್ಲ ಎಲ್ಲಿಟ್ಟಿದ್ದೆ?"

"ಯಾವ ಮಾತು ಕ್ಯಾಪ್ಟನ್?"

ಅವರೂ ಬೆಟೆನ್‌ಕೋರ್ಟೂ ಒಬ್ಬರನ್ನೊಬ್ಬರು ನೋಡಿ ನಕ್ಕರು. ಯಾಕೋ ತಿಳಿಯಲಿಲ್ಲ. ಕೇಳಬೇಕೆನ್ನುವಷ್ಟರಲ್ಲಿ ಗಂಟೆ ಹೊಡೆಯಿತು. ಮಾತು ಅಲ್ಲೇ ಬಿಟ್ಟು, ಬೂಟಿಗೆ ಕಾಲು ಹಾಕಿ, ಎಂಜಿನ್ ಹತ್ತಿದ್ದೇ. ರಸ್ತೆಗಿಳಿಯುವಾಗ ಹಿಂದಿನಿಂದ ಬೆಟೆನ್‌ಕೋರ್ಟ್ ಅವರ ಕೂಗು: "ಏ, ಒಲೆ ಮೇಲೆ ಏನೋ ಇದೆ!"

ಹೋದರೆ ಫಿಲೊಮಿನಾ ಮನೆ. ಬಾಣಂತಿ ಮಗುವಿನ ಜೊತೆ ನಿದ್ದೆಹೋಗಿದ್ದಳು, ಒಲೆಯ ಮೇಲೆ ಹಾಲಿನ ಬಾಟಲಿ ಕುದಿಸುತ್ತಿದ್ದ ಪಾತ್ರೆಯ ನೀರು ಬತ್ತಿ, ಅಡುಗೆಮನೆ ತುಂಬ ಹೊಗೆ. ಕಿಟಕಿ ಹಗುರವಾಗಿ ತೆರೆಯಿತು. ತಲುಪಲು ಎರಡು ನಿಮಿಷ ಹಿಡಿದಿತ್ತು. ಮಗುವನ್ನು ನಾನು ಎತ್ತಿಕೊಂಡು ಕೆಳಗೆ ಬಂದೆ; ಅದಕ್ಕೆ ಎಚ್ಚರವೂ ಆಗಲಿಲ್ಲ. ಹೊಗೆ ಹೋಗುವವರೆಗೆ ಬೀದಿಯವರೆಲ್ಲ ಸುತ್ತ ನಿಂತು ಮಾತಾಡುತ್ತಿದ್ದೆವು. ಮುಕ್ಕಾಲು ಗಂಟೆ.

ಸೂಪು ತಳ ಹಿಡಿದಿರುತ್ತದೆ, ಠಾಣೆ ತೆರೆದ ಮೊದಲ ದಿನವೇ ಹಸಿವು ಎಂದುಕೊಂಡು ವಾಪಸ್ ಬಂದೆವು. ನೋಡಿದರೆ, ಬೆಟೆನ್‌ಕೋರ್ಟ್ ಥೀಬೋ ಅವರ ಏಪ್ರನ್ ಕಟ್ಟಿಕೊಂಡು ಪಾತ್ರೆಯ ಮುಂದೆ ನಿಂತಿದ್ದರು. ಉರಿ ಸಣ್ಣದು ಮಾಡಿ ಸೌಟಾಡಿಸುತ್ತಿದ್ದರು.

"ಉಪ್ಪೇ ಹಾಕಿರಲಿಲ್ಲ," ಎಂದರು ತಿರುಗದೆ. "ಎಲ್ಲ ಸರಿನಾ ಅಲ್ಲಿ?"

"ಎಲ್ಲ ಸರಿ. ಮಗು ನಿದ್ದೆ ಮಾಡ್ತಿದೆ."

ತಲೆಯಾಡಿಸಿದರು. ಮೇಜಿನ ಮೇಲೆ ನಾಲ್ಕು ಬಟ್ಟಲು ಇಟ್ಟಿದ್ದರು. ನಾನು ಐದನೆಯದನ್ನು ತಂದಿಟ್ಟೆ.

"ನಾನು ಊಟ ಮಾಡ್ಕೊಂಡೇ ಬಂದಿದೀನಿ," ಎಂದರು.

ಎರಡು ಸಲ ಬಡಿಸಿಕೊಂಡರು.